ಓದುಗರ ಸ್ಪಂದನ: ಮಗ ಟೆನಿಸ್ ಬಿಡಬೇಕೇ?

ಕಳೆದ ಸಂಚಿಕೆಯಲ್ಲಿ ಬಳ್ಳಾರಿಯ ತಾಯಿಯೊಬ್ಬರು ಬರೆದಿದ್ದ ಸಮಸ್ಯೆ: ಮಗನಿಗೆ 24 ವರ್ಷ. ವೃತ್ತಿಪರ ಟೆನಿಸ್ ಆಟಗಾರ, ವಿಶ್ವ ಶ್ರೇಯಾಂಕ 900ರ ಆಸುಪಾಸು. ವರ್ಷದ ಬಹುಭಾಗ ಟ್ಯುನೀಷಿಯಾ, ಈಜಿಪ್ಟ್ ಎಂದು ಹೊರಗೇ ಇರುತ್ತಾನೆ. ಜೀನ್ಸ್ ಹೊಲಿಗೆ ಘಟಕ ನಡೆಸುವ ಪತಿ ಅವನಿಗಾಗಿ ಒಂದು ನಿವೇಶನ ಮಾರಿದ್ದಾರೆ. ಈಗ ಮನೆಯನ್ನೇ ಅಡವಿಡುವ ಮಾತು ಬಂದಿದೆ. ಕಲಬುರಗಿಯಲ್ಲಿ ನಡೆದ ಟೂರ್ನಿಯಲ್ಲೂ ಅವನು ಮೊದಲ ಸುತ್ತಿನಲ್ಲೇ ಸೋತ. ಟಿವಿಯಲ್ಲಿ ಯಾವಾಗ ಕಾಣಿಸುತ್ತಾನೆ ಎಂದು ಬಂಧುಗಳು ಕೇಳುತ್ತಾರೆ. ‘ಸಾಕು, ಬಿಟ್ಟುಬಿಡು ಎಂದು ನಾನೇ ಹೇಳಬೇಕೇ?’ ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ಅಮ್ಮಾ, 900 ಎಂಬ ಅಂಕಿಯನ್ನು ನೀವು ಸಂಕೋಚದಿಂದ ಬರೆದಂತಿದೆ. ಸಂಕೋಚಪಡುವಂಥದ್ದು ಅದರಲ್ಲಿ ಏನೂ ಇಲ್ಲ. ಪುರುಷರ ಸಿಂಗಲ್ಸ್ ಶ್ರೇಯಾಂಕ ಪಟ್ಟಿಯಲ್ಲಿ ಇರುವವರೇ ಇಡೀ ಜಗತ್ತಿನಲ್ಲಿ ಎರಡು ಸಾವಿರದ ಆಸುಪಾಸು. ಆ ಪಟ್ಟಿಗೆ ಸೇರಲಾಗದೆ ಆಟ ಬಿಟ್ಟವರನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನಾನೂ ಇಂಥ ಟೂರ್ನಿಗಳಲ್ಲಿ ಆಡಿದವನೇ, ನಿಮ್ಮ ಮಗನಷ್ಟು ಮೇಲೆ ಏರಿದವನಲ್ಲ.

ಕಲಬುರಗಿಯ ಸೋಲು ನಿಮಗೆ ಹೆಚ್ಚು ನೋವು ಕೊಟ್ಟಿದೆ. ಆದರೆ 2023ರಲ್ಲಿ ಅಲ್ಲಿ ನಡೆದ 25,000 ಡಾಲರ್ ಬಹುಮಾನದ ಟೂರ್ನಿಯನ್ನು ಗೆದ್ದವರು ಯಾರು? ರಾಮ್‌ಕುಮಾರ್ ರಾಮನಾಥನ್. ಅದೇ ವರ್ಷ ಧಾರವಾಡದಲ್ಲಿ ಗೆದ್ದವರೂ ಅವರೇ. ದೇಶದ ಪರ ಡೇವಿಸ್ ಕಪ್ ಆಡಿದವರು, 2018ರಲ್ಲಿ ಅಮೆರಿಕದ ನ್ಯೂಪೋರ್ಟ್‌ನಲ್ಲಿ ಎಟಿಪಿ (ಪುರುಷರ ವೃತ್ತಿಪರ ಟೆನಿಸ್ ಸಂಸ್ಥೆ) ಟೂರ್ನಿಯ ಫೈನಲ್ ತಲುಪಿದವರು. ಅಂಥವರು ಬಂದು ಆಡುವ ಅಂಗಣವದು. ನಮ್ಮ ಭಾಗದಲ್ಲಿ ನಡೆದ ಮಾತ್ರಕ್ಕೆ ಅದು ಊರಿನ ಪಂದ್ಯಾವಳಿಯಾಗುವುದಿಲ್ಲ.

ಸಮಸ್ಯೆ ಇರುವುದು ಈ ಹಂತದ ಹಣದಲ್ಲಿ. ಅತ್ಯಂತ ಕೆಳಗಿನ ಹಂತದ ‘ಎಂ15’ ಟೂರ್ನಿಯ ಒಟ್ಟು ಬಹುಮಾನ 15,000 ಡಾಲರ್. ಸಿಂಗಲ್ಸ್ ಗೆದ್ದವನಿಗೆ ಸಿಗುವುದು 2,160 ಡಾಲರ್. ಮುಖ್ಯ ಸುತ್ತಿನ ಮೊದಲ ಪಂದ್ಯದಲ್ಲೇ ಸೋತವನಿಗೆ 156 ಡಾಲರ್, ಅಂದರೆ ಸುಮಾರು ಹದಿಮೂರು-ಹದಿನಾಲ್ಕು ಸಾವಿರ ರೂಪಾಯಿ. ಅರ್ಹತಾ ಸುತ್ತಿನಲ್ಲಿ ಸೋತವನಿಗೆ ಏನೂ ಇಲ್ಲ. ಮಂಗಳವಾರ ಸೋತರೂ ಮುಂದಿನ ಟೂರ್ನಿ ಶುರುವಾಗುವವರೆಗೆ ಹೋಟೆಲ್ ಬಾಡಿಗೆ, ಊಟ, ರಾಕೆಟ್‌ಗೆ ಗಟ್ ಹಾಕಿಸುವ ಖರ್ಚು ಎಲ್ಲವೂ ಅವನದೇ. ಟ್ಯುನೀಷಿಯಾದ ಮೊನಾಸ್ತಿರ್, ಈಜಿಪ್ಟ್‌ನ ಶರ್ಮ್ ಎಲ್ ಶೇಖ್‌ಗಳಲ್ಲಿ ಒಂದೇ ಜಾಗದಲ್ಲಿ ವಾರದ ಮೇಲೆ ವಾರ ಟೂರ್ನಿಗಳಿರುತ್ತವೆ. ವಿಮಾನದ ಖರ್ಚು ಉಳಿಯಲೆಂದೇ ಹುಡುಗರು ಅಲ್ಲಿ ಬೀಡುಬಿಡುತ್ತಾರೆ. ಒಂದು ಕೋಣೆಯನ್ನು ಇಬ್ಬರು ಹಂಚಿಕೊಂಡು, ಬಟ್ಟೆಯನ್ನು ಸ್ನಾನದ ಮನೆಯಲ್ಲೇ ಒಗೆದುಕೊಂಡು, ಬೆಳಿಗ್ಗೆ ಜೊತೆಯಾಗಿ ಅಭ್ಯಾಸ ಮಾಡಿ, ಮಧ್ಯಾಹ್ನ ಒಬ್ಬರ ವಿರುದ್ಧ ಒಬ್ಬರು ಆಡುತ್ತಾರೆ. ತರಬೇತುದಾರನನ್ನು ಜೊತೆಗೆ ಕರೆದೊಯ್ಯುವ ಶಕ್ತಿ ಬಹುತೇಕರಿಗೆ ಇರುವುದಿಲ್ಲ. ಶ್ರೇಯಾಂಕಕ್ಕಾಗಿ ಗಳಿಸಿದ ಪಾಯಿಂಟ್ ಕೂಡ ಒಂದು ವರ್ಷಕ್ಕೆ ಕಳಚಿ ಹೋಗುತ್ತದೆ. ಮೊಣಕೈ ನೋವೆಂದು ನಾಲ್ಕು ತಿಂಗಳು ಮನೆಯಲ್ಲಿ ಕೂತರೆ ಶ್ರೇಯಾಂಕ ಕುಸಿಯುತ್ತಾ ಹೋಗುತ್ತದೆ.

ಆಟ ಅನ್ನ ಕೊಡಲು ಶುರುಮಾಡುವುದು ಬಹಳ ಮೇಲೆ. ಶ್ರೇಯಾಂಕ 230ರ ಆಸುಪಾಸಿಗೆ ಬಂದರೆ ಗ್ರ್ಯಾನ್‌ಸ್ಲಾಮ್ ಅರ್ಹತಾ ಸುತ್ತು ಸಿಗುತ್ತದೆ. 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಅರ್ಹತಾ ಸುತ್ತಿನ ಮೊದಲ ಪಂದ್ಯ ಸೋತವನಿಗೂ 31,250 ಆಸ್ಟ್ರೇಲಿಯನ್ ಡಾಲರ್ ಸಿಕ್ಕಿತು. ‘ಎಂ15’ ಟೂರ್ನಿಗಳನ್ನು ವರ್ಷವಿಡೀ ಆಡಿದರೂ ಅಷ್ಟು ಕೂಡುವುದು ಕಷ್ಟ. ಎಟಿಪಿ ಸಂಸ್ಥೆ 2024ರಿಂದ ಮೊದಲ 250ರೊಳಗಿನವರಿಗೆ ಕನಿಷ್ಠ ಆದಾಯದ ಖಾತರಿ ಕೊಟ್ಟಿದೆ. 251ನೆಯವನಿಗೆ ಅದಿಲ್ಲ. ಇದು ಅನ್ಯಾಯವೆಂದೇ ನಾನು ನಂಬಿದ್ದೇನೆ. ಮೇಲಿನ ನೂರು ಮಂದಿ ಆಡಲು ಕೆಳಗೆ ಸಾವಿರ ಮಂದಿ ಸ್ವಂತ ಖರ್ಚಿನಲ್ಲಿ ಆಡುತ್ತಿರಬೇಕು.

ಆದ್ದರಿಂದ ‘ಬಿಡು’ ಎನ್ನುವ ಮೊದಲು ಕೂತು ಕೇಳಿ. ಒಂದು ವರ್ಷದ ಹಿಂದೆ ಶ್ರೇಯಾಂಕ ಎಷ್ಟಿತ್ತು? 1,300ರಿಂದ 900ಕ್ಕೆ ಬಂದ ಹುಡುಗ ಬೇರೆ, 650ರಿಂದ 900ಕ್ಕೆ ಇಳಿದ ಹುಡುಗ ಬೇರೆ. ತನಗಿಂತ ಮೇಲಿನವರನ್ನು ಎಷ್ಟು ಸಲ ಸೋಲಿಸಿದ್ದಾನೆ? ಡಬಲ್ಸ್ ಶ್ರೇಯಾಂಕ ಏನು? ಸಿಂಗಲ್ಸ್‌ಗಿಂತ ಅದು ಚೆನ್ನಾಗಿದ್ದರೆ ಅತ್ತಲೇ ಗಮನ ಕೊಡಲಿ. ಬೇಸಿಗೆಯಲ್ಲಿ ಜರ್ಮನಿಯ ಕ್ಲಬ್ ಲೀಗ್‌ಗಳು ಪಂದ್ಯಕ್ಕಿಷ್ಟು ಎಂದು ಹಣ ಕೊಟ್ಟು ಹೊರದೇಶದ ಆಟಗಾರರನ್ನು ಕರೆಸಿಕೊಳ್ಳುತ್ತವೆ. ಅಲ್ಲಿ ಅವಕಾಶ ಹುಡುಕಿದ್ದಾನೆಯೇ? ಇವಕ್ಕೆ ಅವನು ಕೊಡುವ ಉತ್ತರದಲ್ಲೇ ನಿಮ್ಮ ಪ್ರಶ್ನೆಗೂ ಉತ್ತರ ಸಿಗುತ್ತದೆ.

– ಟೆನಿಸ್ ತರಬೇತುದಾರ, ಬಳ್ಳಾರಿ

*

ಸಹೋದರಿ, ಮನೆ ಅಡವಿಡಬೇಡಿ. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ 2013ರ ಅಂಕಿಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿದಾಗ, ಖರ್ಚು ಮತ್ತು ಗಳಿಕೆ ಸರಿಹೋಗುವ ಗೆರೆ ಪುರುಷರಲ್ಲಿ 336ನೇ ಶ್ರೇಯಾಂಕದ ಹತ್ತಿರ ಇತ್ತು. ತರಬೇತುದಾರನ ಖರ್ಚು ಸೇರಿಸದೆಯೇ ಇಷ್ಟು. ನಿಮ್ಮ ಮಗ ಆ ಗೆರೆಯಿಂದ ಇನ್ನೂ ದೂರವಿದ್ದಾನೆ. ಸಾಲದ ಕಂತು ಮಾತ್ರ ಮುಂದಿನ ತಿಂಗಳೇ ಶುರುವಾಗುತ್ತದೆ.

ಆಟ ನಿಲ್ಲಿಸಿ ಎನ್ನುತ್ತಿಲ್ಲ. ಘಟಕದ ಲಾಭದಲ್ಲಿ ವರ್ಷಕ್ಕೆ ಇಷ್ಟು ಎಂದು ತೆಗೆದಿಡಿ. ಅದು ಮುಗಿದರೆ ಆ ವರ್ಷದ ಪ್ರಯಾಣವೂ ಮುಗಿಯಿತು ಎಂದು ಮಗನಿಗೆ ಮೊದಲೇ ತಿಳಿಸಿ. ಇನ್ನೊಂದು ಮಾತು. ನಿಮಗೆ ಬೇರೆ ಮಕ್ಕಳಿದ್ದರೆ, ಮಾರಿದ ನಿವೇಶನದಲ್ಲಿ ಅವರ ಪಾಲೂ ಇತ್ತು. ಅವರನ್ನೂ ಕೂರಿಸಿಕೊಂಡು ಮಾತಾಡಿ.

– ಬ್ಯಾಂಕ್ ಉದ್ಯೋಗಿ, ರಾಯಚೂರು

*

ಇಪ್ಪತ್ತನಾಲ್ಕಕ್ಕೇ ಯಾಕಮ್ಮಾ ಅವಸರ? 2023ರ ಸೆಪ್ಟೆಂಬರ್‌ನಲ್ಲಿ ಸುಮಿತ್ ನಾಗಲ್ ತಮ್ಮ ಖಾತೆಯಲ್ಲಿ ಉಳಿದಿರುವುದು 900 ಯೂರೊ ಎಂದು ಹೇಳಿಕೊಂಡರು. ಆಗ ಅವರು ದೇಶದ ನಂಬರ್ ಒನ್. ನಾಲ್ಕು ತಿಂಗಳಲ್ಲಿ ಆಸ್ಟ್ರೇಲಿಯನ್ ಓಪನ್‌ನ ಅರ್ಹತಾ ಸುತ್ತು ದಾಟಿ, ಶ್ರೇಯಾಂಕಿತ ಆಟಗಾರ ಅಲೆಕ್ಸಾಂಡರ್ ಬುಬ್ಲಿಕ್‌ನನ್ನು ಸೋಲಿಸಿದರು. ಫೆಬ್ರುವರಿಯಲ್ಲಿ ಚೆನ್ನೈ ಟೂರ್ನಿ ಗೆದ್ದು ಮೊದಲ ನೂರರೊಳಗೆ ಬಂದರು. ನಮ್ಮ ಕೊಡಗಿನ ರೋಹನ್ ಬೋಪಣ್ಣ ಸಿಂಗಲ್ಸ್‌ನಲ್ಲಿ ಇನ್ನೂರರೊಳಗೆ ಬಂದವರೇ ಅಲ್ಲ. ಡಬಲ್ಸ್‌ಗೆ ಹೊರಳಿ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದು ವಿಶ್ವದ ಅಗ್ರಸ್ಥಾನಕ್ಕೇರಿದರು.

ನಾನು ಹಳ್ಳಿಯ ಮಕ್ಕಳಿಗೆ ಕೊಕ್ಕೊ, ಕಬಡ್ಡಿ ಕಲಿಸಿದವನು. ಆಟದಲ್ಲಿ ದೇಹಕ್ಕೆ ಒಂದು ಕಾಲ ಇರುತ್ತದೆ. ಅದು ದಾಟಿದ ಮೇಲೆ ಎಷ್ಟು ಕೊಟ್ಟರೂ ವಾಪಸು ಬರುವುದಿಲ್ಲ. ಇನ್ನೆರಡು ವರ್ಷ ಕೊಡಿ. ಬಂಧುಗಳ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ನಿಮ್ಮ ಮೇಲಿಲ್ಲ.

– ನಿವೃತ್ತ ದೈಹಿಕ ಶಿಕ್ಷಕ, ಗಂಗಾವತಿ

*

ಯಾರೂ ಬರೆಯಲಿಕ್ಕಿಲ್ಲವೆಂದು ಇದನ್ನು ನಾನು ಬರೆಯುತ್ತಿದ್ದೇನೆ. ನನ್ನ ಅಣ್ಣನೂ ಇದೇ ಹಂತದಲ್ಲಿ ಆಡಿದವನು. ಈ ಚಿಕ್ಕ ಟೂರ್ನಿಗಳ ಮೇಲೂ ಜಗತ್ತಿನಾದ್ಯಂತ ಜನ ಬಾಜಿ ಕಟ್ಟುತ್ತಾರೆ. ಅವನು ಸೋತ ರಾತ್ರಿ ಮೊಬೈಲ್‌ಗೆ ಬರುತ್ತಿದ್ದ ಸಂದೇಶಗಳಲ್ಲಿ ನಮ್ಮ ತಾಯಿಯನ್ನೂ ಬಿಡದೆ ಬೈಯುತ್ತಿದ್ದರು. ಹಣ ಕಳೆದುಕೊಂಡ ಅಪರಿಚಿತರು ಅವರು. ಅಣ್ಣ ಮನೆಯಲ್ಲಿ ಒಂದು ಮಾತೂ ಹೇಳಿರಲಿಲ್ಲ.

ಬೈಗುಳಕ್ಕಿಂತ ಭಯಂಕರವಾದದ್ದು ಒಂದು ಸೆಟ್ ಸೋತುಕೊಡು ಎಂಬ ಆಮಿಷ. 156 ಡಾಲರ್‌ಗಾಗಿ ಬಿಸಿಲಿನಲ್ಲಿ ಬೇಯುವ ಹುಡುಗನಿಗೆ ಸಾವಿರಾರು ಡಾಲರ್ ತೋರಿಸುತ್ತಾರೆ. ಒಪ್ಪಿದವರಲ್ಲಿ ಆಜೀವ ನಿಷೇಧಕ್ಕೆ ಒಳಗಾದವರಿದ್ದಾರೆ. ನಿರಾಕರಿಸಿ ಸುಮ್ಮನಿರುವುದೂ ಅಪರಾಧ. ಇಂಥ ಮೋಸದ ಮೇಲೆ ಕಣ್ಣಿಡುವ ಟೆನಿಸ್‌ನ ಸಮಗ್ರತಾ ಸಂಸ್ಥೆಗೆ ತಿಳಿಸಲೇಬೇಕು ಎಂಬುದು ನಿಯಮ. ನಿಮ್ಮ ಮಗನಿಗೆ ಇದು ಗೊತ್ತಿರುತ್ತದೆ. ಆದರೆ ಅಂಥ ಸಂದೇಶ ಬಂದ ದಿನ ಮನೆಗೆ ಫೋನ್ ಮಾಡಿ ಹೇಳುವ ಧೈರ್ಯ ಅವನಿಗೆ ಇರಬೇಕು. ಸೋತ ದಿನ ‘ಇವತ್ತು ಎಷ್ಟು ಖರ್ಚಾಯಿತು’ ಎಂದು ಕೇಳುವ ಮನೆಗೆ ಯಾರೂ ಫೋನ್ ಮಾಡುವುದಿಲ್ಲ. ದಯವಿಟ್ಟು ಖರ್ಚಿನ ಮಾತನ್ನು ಅವನು ಊರಿಗೆ ಬಂದಾಗ ಆಡಿ.

– ಓದುಗರೊಬ್ಬರು, ಕೊಪ್ಪಳ

*

ಆಡುತ್ತಲೇ ಮಾಡಬಹುದಾದ ಕೆಲಸಗಳಿವೆ. ಪದವಿ ಮುಗಿದಿರದಿದ್ದರೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಹೆಸರು ನೋಂದಾಯಿಸಲಿ. ರೈಲ್ವೆಯ ಕ್ರೀಡಾ ಕೋಟಾದ ಪ್ರಕಟಣೆಗಳನ್ನು ನೀವೇ ಗಮನಿಸುತ್ತಿರಿ. ಗೆದ್ದ, ಸೋತ ಎಲ್ಲ ಟೂರ್ನಿಗಳ ದಾಖಲೆಯನ್ನೂ ಒಂದು ಕಡತದಲ್ಲಿ ಇಡಿ. ಮುಂದೆ ತರಬೇತುದಾರನಾಗುವುದಾದರೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಇದೆ. ವಿಶ್ವ ಶ್ರೇಯಾಂಕ ಹೊಂದಿದ್ದವರು ನಮ್ಮ ಭಾಗದ ಮಕ್ಕಳಿಗೆ ಟೆನಿಸ್ ಕಲಿಸಲು ಸಿಗುವುದೇ ಅಪರೂಪ. ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರ ಮಾಡಿಸಿರದಿದ್ದರೆ ಈ ಸಲ ಅವನು ಊರಿಗೆ ಬಂದಾಗಲೇ ಮಾಡಿಸಿಬಿಡಿ. ನೌಕರಿಗೆ ಅರ್ಜಿ ಕರೆಯುವಾಗ ಅವನು ಯಾವ ದೇಶದಲ್ಲಿ ಇರುತ್ತಾನೋ ಹೇಳಲಾಗದು.

– ಕಾಲೇಜು ಉಪನ್ಯಾಸಕಿ, ಸಿಂಧನೂರು