ಸಾಣಾಪುರ ಕೆರೆಯ ಬಳಿ ಮಕ್ಕಳೊಂದಿಗೆ ಟೆಂಟ್ ಹಾಕಿ ಉಳಿಯಬಹುದೇ?

ಮಾನ್ವಿ ಮಾಸ್ತರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಪತ್ನಿ, ನಮ್ಮ ಇಬ್ಬರು ಮಕ್ಕಳು ಹಾಗೂ ಅಣ್ಣನ ಸಂಸಾರ ಸೇರಿ ಒಂದೆರಡು ರಾತ್ರಿ ಬಯಲಿನಲ್ಲಿ ಟೆಂಟ್ ಹಾಕಿಕೊಂಡು ಉಳಿಯಬೇಕೆಂಬ ಆಸೆಯಲ್ಲಿದ್ದೇವೆ. ಮಕ್ಕಳಲ್ಲಿ ದೊಡ್ಡವನಿಗೆ ಹನ್ನೆರಡು ವರ್ಷ, ಚಿಕ್ಕವಳಿಗೆ ಎಂಟು. ಮಲೆನಾಡಿನ ಕಡೆಗೆ ಹೋಗುವಷ್ಟು ರಜೆ ನಮಗಿಲ್ಲ, ಮತ್ತು ನಮ್ಮ ಸೀಮೆಯಲ್ಲಿಯೇ ಗುಡ್ಡ ಹಾಗೂ ನೀರು ಎರಡೂ ಒಂದೇ ಕಡೆ ಇರುವಾಗ ಅಷ್ಟು ದೂರ ಏಕೆ ಹೋಗಬೇಕು ಎಂಬುದು ಅಣ್ಣನ ವಾದ. ಸಿಂಧನೂರು, ಕಾರಟಗಿ, ಗಂಗಾವತಿಯ ಮೇಲೆ ಹಾದು ಸಾಣಾಪುರ ಕೆರೆಗೆ ಹೋಗುವುದು ಒಂದು ಯೋಚನೆ. ಇಲ್ಲವಾದರೆ ಸಂಡೂರಿನ ನಾರಿಹಳ್ಳ ಜಲಾಶಯ.

ಕೆರೆಯ ದಂಡೆಯಲ್ಲಿ ನಾವೇ ಟೆಂಟ್ ಹಾಕಿಕೊಳ್ಳಲು ಯಾರಿಂದಲಾದರೂ ಅನುಮತಿ ಪಡೆಯಬೇಕೇ? ದಸರಾ ರಜೆ ಒಳ್ಳೆಯದೋ, ಜನವರಿ ಒಳ್ಳೆಯದೋ? ಮಕ್ಕಳು ಆ ನೀರಿನಲ್ಲಿ ಇಳಿಯಬಹುದೇ? ಅಲ್ಲಿ ಕರಡಿ, ಚಿರತೆಗಳ ಓಡಾಟವಿದೆ ಎಂದು ಪತ್ನಿ ಹೆದರುತ್ತಿದ್ದಾರೆ. ಆ ಹೆದರಿಕೆಗೆ ಎಷ್ಟು ಆಧಾರವಿದೆ ಎಂಬುದನ್ನೂ ಬಲ್ಲವರು ತಿಳಿಸಬೇಕಾಗಿ ವಿನಂತಿ.

ಗಂಗಾವತಿ ಭತ್ತ

ಮಾಸ್ತರರೇ, ಟೆಂಟ್ ಖಂಡಿತ ಹಾಕಿ, ಆದರೆ ಕೆರೆಯ ದಂಡೆಯ ಮೇಲೆ ಬೇಡ. ಸಾಣಾಪುರ, ಹನುಮನಹಳ್ಳಿ, ಆನೆಗೊಂದಿಯ ಸುತ್ತ ಗದ್ದೆ ಮತ್ತು ಬಾಳೆತೋಟಗಳ ನಡುವೆ ಹೋಂಸ್ಟೇಗಳಿವೆ. ಅಂಗಳದಲ್ಲಿ ಟೆಂಟ್ ಹಾಕಿಕೊಳ್ಳಲು ಒಪ್ಪುವಂಥ ಮನೆಯೊಂದನ್ನು ಮೊದಲೇ ಮಾತನಾಡಿ ಗೊತ್ತುಮಾಡಿಕೊಂಡರೆ ಮಕ್ಕಳಿಗೆ ಬಯಲಿನಲ್ಲಿ ಮಲಗಿದ ಸಂತೋಷವೂ ಸಿಗುತ್ತದೆ, ಹೆಂಗಸರಿಗೆ ಶೌಚಾಲಯದ ಚಿಂತೆಯೂ ಇರುವುದಿಲ್ಲ, ರಾತ್ರಿ ಕೂಗಿದರೆ ಓಗೊಡುವ ಮನುಷ್ಯರೂ ಪಕ್ಕದಲ್ಲಿರುತ್ತಾರೆ. ಕೆರೆಗೆ ಹಗಲು ಹೋಗಿ, ಹೊತ್ತು ಮುಳುಗುವ ಮುನ್ನ ಹಿಂದಿರುಗಿ.

ಅನುಮತಿಯ ವಿಷಯ ಸ್ವಲ್ಪ ತೊಡಕಿನದು. ಸಾಣಾಪುರವೂ ಆನೆಗೊಂದಿಯೂ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಗೆ ಬರುತ್ತವೆ. ಕೆರೆ ಮತ್ತು ಕಾಲುವೆ ನೀರಾವರಿಗೆ ಸೇರಿದವು. ಹಿಂದಿನ ಗುಡ್ಡಗಳಲ್ಲಿ ಹಲವು ಅರಣ್ಯ ಇಲಾಖೆಯವು. ಸರ್ವೋಚ್ಚ ನ್ಯಾಯಾಲಯದ ಆದೇಶದ ಬಳಿಕ 2020ರ ಮಾರ್ಚಿನಲ್ಲಿ ಹಂಪಿಯ ಎದುರಿನ ನಡುಗಡ್ಡೆಯಾದ ವಿರುಪಾಪುರ ಗಡ್ಡೆಯ ರೆಸಾರ್ಟ್‌ಗಳನ್ನು ತೆರವುಗೊಳಿಸಿದ್ದು ನಿಮಗೆ ನೆನಪಿರಬಹುದು. ಅನಂತರ ಪ್ರವಾಸಿಗರ ಗದ್ದಲವೆಲ್ಲ ಈಚೆಯ ಹಳ್ಳಿಗಳಿಗೆ ಸರಿದಿದೆ. ಆದ್ದರಿಂದ ಮುಂಗಡ ಹಣ ಕಳಿಸುವ ಮೊದಲು ಆ ಹೋಂಸ್ಟೇಗೆ ಪರವಾನಗಿ ಇದೆಯೇ, ನೀವು ಬರುವ ದಿನಗಳಲ್ಲಿ ಅದು ತೆರೆದಿರುತ್ತದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದಕ್ಕೆ ಮುನಿಸಿಕೊಳ್ಳುವವರ ಮನೆಯಲ್ಲಿ ಉಳಿಯದಿರುವುದೇ ಮೇಲು.

ಇನ್ನೊಂದು ಮಾತನ್ನು ಹೇಳದೆ ಬಿಡುವಂತಿಲ್ಲ. 2025ರ ಮಾರ್ಚಿನಲ್ಲಿ ಸಾಣಾಪುರದ ಬಳಿ ಕಾಲುವೆಯ ಪಕ್ಕದಲ್ಲಿ ರಾತ್ರಿ ನಕ್ಷತ್ರ ನೋಡುತ್ತ ಕುಳಿತಿದ್ದವರ ಮೇಲೆ ನಡೆದ ದಾಳಿಯಲ್ಲಿ ಒಬ್ಬರು ಪ್ರಾಣ ಕಳೆದುಕೊಂಡರು, ಮಹಿಳೆಯರ ಮೇಲೆ ಅತ್ಯಾಚಾರ ನಡೆಯಿತು. ನಮ್ಮೂರಿನ ಹೆಸರಿಗೆ ಕಳಂಕ ಬಂತೆಂದು ಇದನ್ನು ಮುಚ್ಚಿಡುವವರಿದ್ದಾರೆ. ಮಕ್ಕಳೊಂದಿಗೆ ಬರುವವರಿಗೆ ಇದನ್ನು ತಿಳಿಸದಿರುವುದು ತಪ್ಪೆಂದು ನನ್ನ ಭಾವನೆ.

ಕರಡಿಯ ವಿಷಯದಲ್ಲಿ ನಿಮ್ಮ ಮನೆಯವರ ಹೆದರಿಕೆಗೆ ಆಧಾರವಿದೆ. ಈ ಗುಡ್ಡಗಳ ಬಂಡೆಗಳ ನಡುವಿನ ಗವಿಗಳಲ್ಲಿ ಕರಡಿಗಳೂ ಚಿರತೆಗಳೂ ಇವೆ. ಕರಡಿ ಹಗಲು ಗವಿಯಲ್ಲಿ ಮಲಗಿದ್ದು ಸಂಜೆಯ ಬಳಿಕ ಗೆದ್ದಲು, ಇರುವೆ, ಕಾಡುಹಣ್ಣುಗಳನ್ನು ಹುಡುಕುತ್ತ ಕೆಳಗಿಳಿಯುತ್ತದೆ. ಅದು ಮನುಷ್ಯನನ್ನು ತಿನ್ನಲು ಬರುವುದಿಲ್ಲವಾದರೂ, ತಿರುವಿನಲ್ಲಿ ಹಠಾತ್ತನೆ ಎದುರಾದರೆ, ಅದರಲ್ಲಿಯೂ ಮರಿಗಳು ಜೊತೆಗಿದ್ದರೆ, ಮುಖಕ್ಕೇ ಎರಗುತ್ತದೆ. ಕತ್ತಲಾದ ಮೇಲೆ ಗುಡ್ಡದ ಬುಡದ ಕಾಲುದಾರಿಗಳಲ್ಲಿ ಓಡಾಡಬೇಡಿ. ಓಡಾಡಲೇಬೇಕಾದರೆ ಬ್ಯಾಟರಿ ಹಿಡಿದು ಗಟ್ಟಿಯಾಗಿ ಮಾತನಾಡುತ್ತ ಹೋಗಿ. ಬೆಲ್ಲ, ಹಣ್ಣು, ಸಿಹಿತಿಂಡಿಗಳನ್ನು ಟೆಂಟಿನೊಳಗೆ ಇಟ್ಟುಕೊಂಡು ಮಲಗಬೇಡಿ, ಕಾರಿನಲ್ಲಿಡಿ.

ಕಾಲುವೆ ಲೆಕ್ಕ

ನೀರಾವರಿಯ ಕೆಲಸದಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು ನಾನು; ನೀರಿನ ಬಗ್ಗೆ ಮಾತ್ರ ಬರೆಯುತ್ತೇನೆ. ಸಾಣಾಪುರದ ಕೆರೆಯಲ್ಲಿ ನಿಂತಿರುವುದು ಹೆಚ್ಚಾಗಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಅಂದರೆ ಮುಂದೆ ಸಿಂಧನೂರು, ಮಾನ್ವಿಯ ಕಡೆಗೆ ಹರಿದುಬರುವ ನೀರೇ. ಆದ್ದರಿಂದ ಅದರ ಮಟ್ಟ ಅಲ್ಲಿ ಬೀಳುವ ಮಳೆಗಿಂತ ಹೆಚ್ಚಾಗಿ ತುಂಗಭದ್ರಾ ಅಣೆಕಟ್ಟೆಯಿರುವ ಮುನಿರಾಬಾದಿನಿಂದ ಕಾಲುವೆಗೆ ಎಷ್ಟು ಬಿಡುತ್ತಾರೆ ಎಂಬುದನ್ನು ಅವಲಂಬಿಸಿದೆ. ಬೆಳಿಗ್ಗೆ ಮೊಣಕಾಲಿನಷ್ಟಿದ್ದ ಜಾಗ ಸಂಜೆಗೂ ಹಾಗೆಯೇ ಇರಬೇಕೆಂದಿಲ್ಲ. ಮುಳುಗಿರುವ ಬಂಡೆಗಳು ಮೇಲಿನಿಂದ ಕಾಣುವುದಿಲ್ಲ. ದಂಡೆಯೂ ಮೆಟ್ಟಿಲಿನಂತೆ ನಿಧಾನವಾಗಿ ಇಳಿಯದೆ ಒಮ್ಮೆಲೇ ಆಳಕ್ಕೆ ಹೋಗುತ್ತದೆ. ಎತ್ತರದ ಬಂಡೆಯಿಂದ ನೀರಿಗೆ ಹಾರುವ ವಿಡಿಯೊಗಳನ್ನು ನೋಡಿ ಹುಡುಗರು ಹುರುಪಿಗೆ ಬೀಳುತ್ತಾರೆ, ಆದರೆ ಪ್ರಾಣ ಹೋದವರ ವಿಡಿಯೊಗಳು ಅಷ್ಟಾಗಿ ಹರಿದಾಡುವುದಿಲ್ಲ. ಮಕ್ಕಳು ನೀರಿಗಿಳಿಯುವುದು ಬೇಡವೇ ಬೇಡ. ಹರಿಗೋಲಿನಲ್ಲಿ ಕೂರಿಸಬಹುದು, ಪ್ರತಿಯೊಬ್ಬರಿಗೂ, ಎಂಟು ವರ್ಷದವಳಿಗೆ ಅವಳ ಅಳತೆಯದ್ದೇ ಆದ ಲೈಫ್ ಜಾಕೆಟ್ ಕೊಟ್ಟರೆ ಮಾತ್ರ ಹತ್ತಿ. ದೊಡ್ಡವರ ಜಾಕೆಟ್ ಚಿಕ್ಕ ಮಗುವಿನ ತಲೆಯ ಮೇಲಿಂದ ಕಳಚಿಕೊಳ್ಳುತ್ತದೆ.

ಕಾಲುವೆಯೋ ಕೆರೆಗಿಂತ ಹೆಚ್ಚು ಅಪಾಯಕಾರಿ. ಅದರ ಪಕ್ಕಗಳು ನುಣುಪಾಗಿ, ಇಳಿಜಾರಾಗಿ, ಪಾಚಿ ಹಿಡಿದಿರುವುದರಿಂದ ಈಜು ಬಲ್ಲವರು ಬಿದ್ದರೂ ಹಿಡಿದು ಮೇಲೇರಲು ಏನೂ ಸಿಗುವುದಿಲ್ಲ. ಕಾಲು ತೊಳೆಯಲಿಕ್ಕೂ ಅದರ ಅಂಚಿಗೆ ಹೋಗಬೇಡಿ.

ದಸರಾ ಮತ್ತು ಜನವರಿಗಳಲ್ಲಿ ನಾನು ಜನವರಿಯನ್ನೇ ಆರಿಸುತ್ತೇನೆ. ನಮ್ಮ ಭಾಗದಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳೇ ಮಳೆಯವು. ಆಗ ಜಲಾಶಯ ತುಂಬಿದ್ದು, ಮೇಲಿನಿಂದ ಒಳಹರಿವು ಹೆಚ್ಚಿದರೆ ಅಣೆಕಟ್ಟೆಯ 33 ಗೇಟುಗಳಲ್ಲಿ ಬೇಕಾದಷ್ಟನ್ನು ತೆರೆದು ನದಿಗೆ ನೀರು ಬಿಡುತ್ತಾರೆ. ನದಿಯ ಪಾತ್ರದ ಬಂಡೆಗಳ ಮೇಲೆ ಕುಳಿತವರಿಗೆ ಮೋಡವೇ ಇಲ್ಲದ ದಿನವೂ ನೀರು ಏರಿಬರಬಹುದು. 2019ರ ಆಗಸ್ಟಿನಲ್ಲಿ ವಿರುಪಾಪುರ ಗಡ್ಡೆಯಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಕೊಂಡು, ಅವರನ್ನು ರಕ್ಷಣಾ ಪಡೆಗಳು ಹೊರತರಬೇಕಾಯಿತು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾದಾಗ ನದಿಗೆ ಎಷ್ಟು ನೀರು ಹೋಯಿತೆಂಬುದನ್ನು ಈ ಭಾಗದ ರೈತರಿಗೆ ಯಾರೂ ಹೇಳಬೇಕಾಗಿಲ್ಲ. ಜನವರಿಯಲ್ಲಿ ಈ ಆತಂಕವಿರುವುದಿಲ್ಲ. ಎರಡನೇ ಬೆಳೆಗೆ ಕಾಲುವೆಗೆ ನೀರು ಬಿಟ್ಟಿದ್ದರೆ ಕೆರೆಯೂ ನೋಡುವಂತಿರುತ್ತದೆ. ಬಿಡುತ್ತಾರೋ ಇಲ್ಲವೋ ಎಂಬುದನ್ನು ನೀರಾವರಿ ಸಲಹಾ ಸಮಿತಿ ನಿರ್ಧರಿಸುತ್ತದೆ. ಆ ಸುದ್ದಿ ಮಾನ್ವಿಯವರಾದ ನಿಮಗೆ ಹೇಗೂ ಮೊದಲೇ ತಿಳಿದಿರುತ್ತದೆ.

ಕೊಪ್ಪಳ ಬಂಡೆ

ಹಿರಿಯರಿಬ್ಬರೂ ಹೇಳಿದ್ದನ್ನು ಗೌರವಿಸುತ್ತೇನೆ, ಆದರೆ ಓದಿದವರಿಗೆ ಸಾಣಾಪುರಕ್ಕೆ ಹೋಗುವುದೇ ಬೇಡವೆನ್ನಿಸುವಷ್ಟು ಭಯ ಹುಟ್ಟಬಾರದು. ಬಂಡೆ ಹತ್ತುವ ಹವ್ಯಾಸಕ್ಕಾಗಿ ಚಳಿಗಾಲದಲ್ಲಿ ದೇಶವಿದೇಶಗಳಿಂದ ಬರುವವರು ವಾರಗಟ್ಟಲೆ ಈ ಹಳ್ಳಿಗಳಲ್ಲಿ ಇರುತ್ತಾರೆ. ಐದಾರು ಜನ ಒಟ್ಟಿಗಿದ್ದು, ಊರವರ ಪರಿಚಯವಿದ್ದರೆ ಕೆರೆಯ ಸಮೀಪವೇ ಉಳಿದರೂ ತೊಂದರೆಯಿಲ್ಲವೆಂಬುದು ನನ್ನ ಅಭಿಪ್ರಾಯ.

ಟೆಂಟಿನ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಅದನ್ನು ಬರೆಯುತ್ತೇನೆ. ಇಲ್ಲಿಯ ನೆಲ ಬಹಳಷ್ಟು ಕಡೆ ಹಾಸುಬಂಡೆ. ಟೆಂಟಿನ ಜೊತೆ ಬರುವ ಗೂಟಗಳು ಇಳಿಯುವುದಿಲ್ಲ. ಗೂಟವಿಲ್ಲದೆಯೇ ಎದ್ದು ನಿಲ್ಲುವ ಗುಮ್ಮಟದಾಕಾರದ ಟೆಂಟ್ ಕೊಳ್ಳಿ, ಹಗ್ಗಗಳನ್ನು ಭಾರವಾದ ಕಲ್ಲುಗಳಿಗೆ ಸುತ್ತಿ ಕಟ್ಟಿ, ಕಲ್ಲಿನ ಅಂಚಿಗೆ ಹಗ್ಗ ಉಜ್ಜಿ ಹರಿಯದಂತೆ ನಡುವೆ ಹಳೆಯ ಬಟ್ಟೆ ಇಡಿ. ಕಟಾವಾದ ಗದ್ದೆ ಮೆತ್ತಗೆ ಕಂಡರೂ ಇಬ್ಬನಿ ಮತ್ತು ಸೊಳ್ಳೆ ಎರಡೂ ಅಲ್ಲಿಯೇ ಹೆಚ್ಚು. ಸ್ವಲ್ಪ ಎತ್ತರದ ಒಣ ಮಣ್ಣಿನ ಅಂಗಳ ಸಿಕ್ಕರೆ ಅದೇ ಸರಿಯಾದ ಜಾಗ. ಬಿಸಿಲಿಗೆ ಕಾದ ಬಂಡೆ ರಾತ್ರಿ ಬಹಳ ಹೊತ್ತಿನವರೆಗೆ ಬಿಸಿಯಾಗಿಯೇ ಇರುತ್ತದೆ. ಆ ಬೆಚ್ಚಗಿನ ಬಂಡೆಗೆ ಒರಗಿ ಕೂರುವುದು ಜನವರಿಯಲ್ಲಿ ಸುಖ, ಮಾರ್ಚಿನಲ್ಲಿ ಶಿಕ್ಷೆ. ಜನವರಿಯ ಬೆಳಗಿನ ಜಾವಕ್ಕೆ ಚಳಿ ಚೆನ್ನಾಗಿಯೇ ಹತ್ತುತ್ತದೆ. ತೆಳುವಾದ ಚಾದರ ಸಾಲದು, ಎಲ್ಲಕ್ಕಿಂತ ಮುಖ್ಯವಾಗಿ ಬೆನ್ನಿನ ಕೆಳಗೆ ದಪ್ಪನೆಯ ಕೌದಿ ಇರಲಿ. ಬೂಟುಗಳನ್ನು ಬೆಳಿಗ್ಗೆ ಕೊಡವಿ ಹಾಕಿಕೊಳ್ಳಿ, ಏಕೆಂದರೆ ಕಲ್ಲುಸಂದಿಗಳಲ್ಲಿ ಚೇಳುಗಳಿವೆ. ಅದೇ ಕಾರಣಕ್ಕೆ ಮಕ್ಕಳು ಕಲ್ಲುಗಳನ್ನು ಎತ್ತಿ ಆಡದಂತೆ ನೋಡಿಕೊಳ್ಳಿ. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಯಾವುದನ್ನೂ ಮಾಡದೆ, ಕಚ್ಚಿದ ಅಂಗವನ್ನು ಅಲುಗಿಸದೆ, 108ಕ್ಕೆ ಕರೆ ಮಾಡಿ ನೇರವಾಗಿ ಗಂಗಾವತಿಯ ಆಸ್ಪತ್ರೆಗೆ ಕರೆದೊಯ್ಯಿರಿ.

ಗಂಗಾವತಿ ಭತ್ತ

ಕೊಪ್ಪಳದವರೇ, ವಾರಗಟ್ಟಲೆ ಉಳಿಯುವ ಆ ಹವ್ಯಾಸಿಗಳು ಮಲಗುವುದು ಹೋಂಸ್ಟೇಗಳಲ್ಲಿಯೇ. ಬಂಡೆಯ ಬಳಿ ಅವರು ಇರುವುದು ಬೆಳಿಗ್ಗೆ ಮತ್ತು ಸಂಜೆ. ಐದಾರು ಯುವಕರು ಉಳಿಯುವುದಕ್ಕೂ ಎಂಟು ವರ್ಷದ ಮಗುವಿನೊಂದಿಗೆ ಎರಡು ಸಂಸಾರ ಉಳಿಯುವುದಕ್ಕೂ ವ್ಯತ್ಯಾಸವಿದೆ.

ಸಂಡೂರು ಕಣಿವೆ

ನಾರಿಹಳ್ಳದ ಬಗ್ಗೆ ಕೇಳಿದ್ದೀರಿ. ನೋಡಲು ಸಾಣಾಪುರಕ್ಕಿಂತ ಬೇರೆಯದೇ ಲೋಕವದು: ಬರಿಯ ಬಂಡೆಯ ಗುಡ್ಡಗಳ ಬದಲು ಉದ್ದಕ್ಕೆ ಹಬ್ಬಿದ ಹಸಿರು ಬೆಟ್ಟಸಾಲು, ಕಬ್ಬಿಣದ ಅದಿರಿನ ಕೆಂಪು ಮಣ್ಣು, ನಡುವೆ ನೀರು. ಸಂಡೂರು ಕಣಿವೆಯ ನೀರನ್ನು ಹೊತ್ತ ಈ ಹಳ್ಳ ಭೀಮಗಂಡಿಯ ಇಕ್ಕಟ್ಟಿನಲ್ಲಿ ಬೆಟ್ಟವನ್ನು ಸೀಳಿಕೊಂಡು ಹೊರಬಿದ್ದು ದರೋಜಿ ಕೆರೆಯ ಕಡೆಗೆ ಸಾಗುತ್ತದೆ. ಸೆಪ್ಟೆಂಬರಿನಲ್ಲಿ ಸಂಡೂರನ್ನು ನೋಡಬೇಕೆಂದು ಗಾಂಧೀಜಿ ಹೇಳಿದ್ದರೆಂಬ ಮಾತು ನಮ್ಮೂರಿನಲ್ಲಿ ಎಲ್ಲರ ಬಾಯಲ್ಲಿಯೂ ಇದೆ, ಮತ್ತು ಆ ತಿಂಗಳ ಹಸಿರನ್ನು ಕಂಡವರು ಅದನ್ನು ಅಲ್ಲಗಳೆಯುವುದಿಲ್ಲ. ನೀವು ಜನವರಿಗೆ ಬಂದರೆ ಹುಲ್ಲು ಒಣಗಿರುತ್ತದೆ, ಅದಿರಿನ ಲಾರಿಗಳು ಎಬ್ಬಿಸುವ ಧೂಳೂ ಹೆಚ್ಚಿರುತ್ತದೆ.

ಉಳಿಯುವ ವಿಷಯದಲ್ಲಿ ಮಾತ್ರ ನಾನು ಪ್ರೋತ್ಸಾಹಿಸಲಾರೆ. ಸುತ್ತಲಿನ ಬೆಟ್ಟಗಳು ಮೀಸಲು ಅರಣ್ಯ. ಅನುಮತಿಯಿಲ್ಲದೆ ಅಲ್ಲಿಗೆ ನುಗ್ಗುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ದಸರೆಗೆ ಒಂದು ಹಗಲಿನ ಮಟ್ಟಿಗೆ ಬನ್ನಿ. ಕುಮಾರಸ್ವಾಮಿ ಬೆಟ್ಟದ ಗುಡಿ ನೋಡಿ, ಬುತ್ತಿ ಉಂಡು, ನಾರಿಹಳ್ಳದ ಬಳಿ ಸಂಜೆಯವರೆಗೆ ಇದ್ದು ಹೊರಡಿ. ಟೆಂಟಿಗೆ ಜನವರಿಯ ಸಾಣಾಪುರವೇ ಇರಲಿ.

ಮಾನ್ವಿ ಮಾಸ್ತರ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಜನವರಿಯಲ್ಲಿ, ಹೊಸ ವರ್ಷದ ಜಾತ್ರೆ ಕಳೆದ ಮೇಲೆ, ಹೋಂಸ್ಟೇಯ ಅಂಗಳದಲ್ಲಿ ಟೆಂಟ್ ಎಂದು ಮನೆಯಲ್ಲಿ ಒಮ್ಮತವಾಯಿತು. ಇನ್ನೆರಡು ಪ್ರಶ್ನೆಗಳು. ಹಗಲಿನಲ್ಲಿ ಬಂಡೆಗಳ ನಡುವೆ ಎಲ್ಲಾದರೂ ಮೂರು ಕಲ್ಲು ಹೂಡಿ ಅಡುಗೆ ಮಾಡಿಕೊಳ್ಳಬಹುದೇ? ಮಕ್ಕಳಿಗೆ ಕರಡಿಯನ್ನು ಸುರಕ್ಷಿತವಾಗಿ ತೋರಿಸುವ ಮಾರ್ಗವಿದೆಯೇ? ಹೆದರಿದ್ದ ಪತ್ನಿಯೇ ಈಗ ಇದನ್ನು ಕೇಳುತ್ತಿದ್ದಾರೆ.

ಕೊಪ್ಪಳ ಬಂಡೆ

ಬಂಡೆಯ ಮೇಲೆ ಬೆಂಕಿ ಬೇಡ. ಕಾದ ಕಲ್ಲು ಚಕ್ಕೆಯಾಗಿ ಸಿಡಿಯುತ್ತದೆ, ಹತ್ತಿದ ಮಸಿ ವರ್ಷಗಟ್ಟಲೆ ಹೋಗುವುದಿಲ್ಲ, ಜನವರಿಯ ಒಣ ಹುಲ್ಲಿಗೆ ಒಂದು ಕಿಡಿ ಸಾಕು. ಅದಲ್ಲದೆ ಆನೆಗೊಂದಿಯ ಸುತ್ತಲಿನ ಹಲವು ಕಲ್ಲಾಸರೆಗಳಲ್ಲಿ ಪ್ರಾಚೀನ ಕಾಲದ ಬಣ್ಣದ ಚಿತ್ರಗಳಿವೆ. ಹೊಗೆ ತಾಗಿದರೆ ಅವು ಹಾಳಾಗುತ್ತವೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕಟ್ಟಿಕೊಂಡು ಹೋಗಿ, ಬಿಸಿ ಅಡುಗೆ ರಾತ್ರಿ ಅಂಗಳದಲ್ಲಿ ಆಗಲಿ. ಒಂದು ಬೆಳಿಗ್ಗೆಯನ್ನು ಹಿರೇಬೆಣಕಲ್ಲಿಗೆ ಮೀಸಲಿಡಿ: ಗುಡ್ಡದ ಮೇಲೆ ಕಲ್ಲುಚಪ್ಪಡಿಗಳಿಂದ ಮನೆಯಂತೆ ಕಟ್ಟಿದ ಶಿಲಾಯುಗದ ನಂತರದ ಸಮಾಧಿಗಳು ನೂರಾರಿವೆ, ಬಡಿದರೆ ನಗಾರಿಯಂತೆ ದನಿಗೊಡುವ ಬಂಡೆಯೊಂದಿದೆ, ಪಕ್ಕದಲ್ಲಿ ಸಣ್ಣ ಕೊಳವೂ ಇದೆ. ನಡಿಗೆ ಬಿಸಿಲೇರುವ ಮೊದಲೇ ಮುಗಿಯಬೇಕು. ಕುಡಿಯುವ ನೀರನ್ನು ಕೆಳಗಿನಿಂದಲೇ ಹೊತ್ತು ಹೋಗಿ, ದಾರಿ ಬಲ್ಲ ಊರವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ.

ಗಂಗಾವತಿ ಭತ್ತ

ಕರಡಿ ನೋಡಲು ಹೊಳೆಯ ಆಚೆ ದರೋಜಿ ಕರಡಿಧಾಮವಿದೆ, 1994ರಲ್ಲಿ ಘೋಷಣೆಯಾದದ್ದು. ಬಂಡೆಗಳಿಗೆ ಬೆಲ್ಲದ ಪಾಕ ಸವರಿರುತ್ತಾರೆ, ಮಧ್ಯಾಹ್ನ ಕಳೆದ ಮೇಲೆ ಕರಡಿಗಳು ಅದನ್ನು ನೆಕ್ಕಲು ಇಳಿದು ಬರುತ್ತವೆ, ವೀಕ್ಷಣಾ ಗೋಪುರದ ಮೇಲಿನಿಂದ ಸುರಕ್ಷಿತವಾಗಿ ನೋಡಬಹುದು. ದುರ್ಬೀನು ಇದ್ದರೆ ತಪ್ಪದೆ ತನ್ನಿ. ಗಂಗಾವತಿಯಿಂದ ಕಡೇಬಾಗಿಲು ಸೇತುವೆಯ ಮೇಲೆ ಹೊಳೆ ದಾಟಿ ಹೋಗುವುದು ಅನುಕೂಲ. ಸೇತುವೆಯ ಮೇಲೆ ನಿಧಾನಿಸಿದರೆ ಮಕ್ಕಳಿಗೆ ಇನ್ನೊಂದನ್ನೂ ತೋರಿಸಬಹುದು: ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ನದಿಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದ್ದಾರೆ. ಬೆಳಗಿನ ಹೊತ್ತು ಅದೃಷ್ಟವಿದ್ದರೆ ನೀರುನಾಯಿಗಳ ಹಿಂಡು ಮೀನು ಹಿಡಿಯುವುದು ಕಾಣಸಿಗುತ್ತದೆ. ನೋಡಲು ಹೊಳೆಗೆ ಇಳಿಯಬೇಡಿ, ಮೊಸಳೆಗಳಿವೆ.