ಪದಚರ್ಚೆ: ಮನೆಗೆಲಸದ ರೋಬೋಟ್ ಸಂಶೋಧನೆಯಲ್ಲಿ ಹಿಡಿತ, ಕೈಚಳಕ, ಸ್ವಯಂಚಾಲಿತ

ಪ್ರಶ್ನೆ:

ನಮಸ್ಕಾರ. ಮನೆಗೆಲಸದ ರೋಬೋಟ್‌ಗಳ ಕೃತಕ ಬುದ್ಧಿಮತ್ತೆಯಲ್ಲಿ ಸಂಶೋಧನೆ, ಅಧ್ಯಾಪನಕ್ಕೆ ಹೋಗಬಯಸುವ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಕರಡಿನಲ್ಲಿ ಗ್ರಾಸ್ಪ್, ಗ್ರಿಪ್ ಎರಡಕ್ಕೂ ‘ಹಿಡಿತ’ ಎಂದೇ ಇದೆ. ಮ್ಯಾನಿಪ್ಯುಲೇಷನ್‌ಗೆ ‘ಕೈಚಳಕ’, ಆಟಾನಮಸ್‌ಗೆ ‘ಸ್ವಯಂಚಾಲಿತ’, ಪೋಸ್ಟ್‌ಡಾಕ್‌ಗೆ ‘ಡಾಕ್ಟರೇಟ್ ನಂತರದ ಪದವಿ’ ಎಂದು ಬಳಸಲಾಗಿದೆ. ಇವು ನಿಲ್ಲುತ್ತವೆಯೇ? ಬಲ್ಲವರು ತಿಳಿಸಬೇಕು.

ಉತ್ತರ:

ಮೊದಲು ‘ಸ್ವಯಂಚಾಲಿತ’ವನ್ನು ತೆಗೆಯಿರಿ. ಬಟ್ಟೆ ಒಗೆಯುವ ಯಂತ್ರ ಸ್ವಯಂಚಾಲಿತ: ಒಳಗೆ ಏನು ಹಾಕಿದರೂ ಅದೇ ಕ್ರಮದಲ್ಲಿ ತಿರುಗುತ್ತದೆ. ಎದುರಿಗಿರುವುದನ್ನು ನೋಡಿ ಮುಂದಿನ ಹೆಜ್ಜೆಯನ್ನು ತಾನೇ ಆರಿಸಿಕೊಳ್ಳುವುದು ‘ಸ್ವಾಯತ್ತ’. ಇವೆರಡರಿಂದಲೂ ಬೇರೆಯಾದದ್ದು ‘ದೂರಚಾಲಿತ’, ಅಂದರೆ ಕಾಣದ ಕಡೆ ಕುಳಿತ ಮನುಷ್ಯ ಕೈ ಆಡಿಸುವುದು. ಪ್ರದರ್ಶನದ ವಿಡಿಯೊಗಳಲ್ಲಿ ಹೆಚ್ಚು ಗೊಂದಲವಾಗುವುದು ಇಲ್ಲಿಯೇ. 2010ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಪಿಆರ್2 ಎಂಬ ಎರಡು ಕೈಗಳ ರೋಬೋಟಿನಿಂದ ಟವೆಲ್ ಮಡಚಿಸಿದರು. ಒಂದೊಂದು ಟವೆಲಿಗೂ 20 ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿತ್ತು, ಆದರೂ ಅದು ಸ್ವಾಯತ್ತ ಕೆಲಸ. ಸರಸರನೆ ಮಡಚುವ ದೂರಚಾಲಿತ ಕೈಗೆ ಆ ಹೆಸರು ಸಲ್ಲದು. ವೇಗಕ್ಕೂ ಈ ಪದಕ್ಕೂ ಸಂಬಂಧವಿಲ್ಲ.

‘ಹಿಡಿತ’ ಒಳ್ಳೆಯ ಪದವೇ, ಆದರೆ ಅದರ ಮೇಲೆ ಎರಡು ಹೊರೆ ಹೊರಿಸಬೇಡಿ. ಬೆರಳುಗಳು ವಸ್ತುವಿನ ಎಲ್ಲಿ, ಯಾವ ಕೋನದಲ್ಲಿ ಕೂರುತ್ತವೆ ಎಂಬುದು ಹಿಡಿತ (ಗ್ರಾಸ್ಪ್). ಎಷ್ಟು ಬಲದಿಂದ ಒತ್ತುತ್ತವೆ ಎಂಬುದು ‘ಬಿಗಿ’ (ಗ್ರಿಪ್). ಹೀಗೆ ಬೇರ್ಪಡಿಸಿಕೊಂಡರೆ ತಪ್ಪು ಎಲ್ಲಾಯಿತು ಎಂದು ಹೇಳುವುದು ಸಲೀಸು: ‘ಹಿಡಿತ ಸರಿ, ಬಿಗಿ ಸಾಲದು’ ಎಂದರೆ ಲೋಟ ನೇರವಾಗಿ ಕೆಳಗೆ ಜಾರುತ್ತದೆ, ‘ಬಿಗಿ ಸರಿ, ಹಿಡಿತ ತಪ್ಪು’ ಎಂದರೆ ಭಾರ ಒಂದೇ ಕಡೆ ಬಿದ್ದು ಲೋಟ ಬೆರಳುಗಳ ನಡುವೆಯೇ ತಿರುಗಿ ವಾಲುತ್ತದೆ.

ಲೆಕ್ಕ ಬೇಕಿದ್ದರೆ: 300 ಗ್ರಾಂ ಲೋಟದ ತೂಕ ಸುಮಾರು 3 ನ್ಯೂಟನ್. ಎರಡು ಬೆರಳು ಇಕ್ಕೆಲಗಳಿಂದ ಒತ್ತಿದಾಗ ಘರ್ಷಣಾಂಕ (ಬೆರಳು, ಲೋಟ ಜಾರದೆ ಎಷ್ಟು ಕಚ್ಚಿಕೊಳ್ಳುತ್ತವೆ ಎಂಬ ಅಂಕ) 0.5 ಇದ್ದರೆ ಒಂದೊಂದು ಬೆರಳೂ ಕನಿಷ್ಠ 3 ನ್ಯೂಟನ್ ಒತ್ತಬೇಕು. ಲೋಟ ಒದ್ದೆಯಾಗಿ ಅದು 0.2ಕ್ಕೆ ಇಳಿದರೆ 7.5 ನ್ಯೂಟನ್ ಬೇಕು. ಎತ್ತುವಾಗಿನ ಕುಲುಕಾಟಕ್ಕೆ ಇದರ ಮೇಲೂ ಒಂದಿಷ್ಟು ಸೇರಿಸಬೇಕು. ಕಾಗದದ ಲೋಟವಾದರೆ ಅಷ್ಟರಲ್ಲಿ ನಜ್ಜುಗುಜ್ಜಾಗಿರುತ್ತದೆ. ಗಾಜಿನದಾದರೆ ತೊಂದರೆ ಅದಕ್ಕೂ ಮುಂಚೆಯೇ ಶುರು: ಆಳ ಅಳೆಯುವ ಕ್ಯಾಮೆರಾದ ಅವಗೆಂಪು ಬೆಳಕು ಗಾಜಿನಲ್ಲಿ ತೂರಿಹೋಗುವುದರಿಂದ ಲೋಟ ಇದ್ದ ಜಾಗದಲ್ಲಿ ಹಿಂದಿನ ಗೋಡೆ ಕಾಣುತ್ತದೆ, ಇಲ್ಲವೇ ಏನೂ ಕಾಣುವುದಿಲ್ಲ. ಅದು ಹಿಡಿತದ ತಪ್ಪೂ ಅಲ್ಲ, ಬಿಗಿಯ ತಪ್ಪೂ ಅಲ್ಲ, ‘ಗ್ರಹಿಕೆ’ಯ ತಪ್ಪು.

‘ಕೈಚಳಕ’ವನ್ನು ಡೆಕ್ಸ್‌ಟರಿಟಿಗೆ ಉಳಿಸಿಕೊಳ್ಳಿ. ನಾಣ್ಯವನ್ನು ಬೆರಳುಗಳಲ್ಲೇ ಹೊರಳಿಸುವ ಬಹುಬೆರಳಿನ ಕೈಗೆ ಅದು ಒಪ್ಪುತ್ತದೆ. ಮ್ಯಾನಿಪ್ಯುಲೇಷನ್, ಅಂದರೆ ವಸ್ತುವಿನ ಜಾಗ, ಭಂಗಿ, ಆಕಾರಗಳನ್ನು ಬದಲಿಸುವ ಕೆಲಸ, ಅದಕ್ಕಿಂತ ಅಗಲವಾದದ್ದು, ಹಿಡಿಯದೆಯೂ ನಡೆಯುತ್ತದೆ. ಮೇಜಿನ ಮೇಲೆ ಚಪ್ಪಟೆಯಾಗಿ ಕುಳಿತ ತಟ್ಟೆಯ ಅಡಿಗೆ ಬೆರಳು ಹೋಗದು. ಅದನ್ನು ಅಂಚಿನವರೆಗೆ ತಳ್ಳಿ, ಸ್ವಲ್ಪ ಹೊರಚಾಚಿದ ಮೇಲೆ ಹಿಡಿಯಬೇಕು. ಆ ತಳ್ಳಾಟವೂ ಮ್ಯಾನಿಪ್ಯುಲೇಷನ್ನೇ. ಕೋರ್ಸಿನ ಹೆಸರಿನಲ್ಲಿ ಮೂಲ ಪದವನ್ನೇ ಇಟ್ಟು, ವಾಕ್ಯಗಳಲ್ಲಿ ತಳ್ಳು, ಹೊರಳಿಸು, ಬಗ್ಗಿಸು, ಮಡಚು, ಮೊಗೆ ಎಂಬ ಕ್ರಿಯಾಪದಗಳನ್ನು ಬಳಸುವುದು ನನ್ನ ಮಟ್ಟಿಗೆ ಸರಿ. ಯಾರಾದರೂ ‘ಕೈವಾಡ’ ಎಂದು ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ರೋಬೋಟಿನ ಕೈವಾಡ ಎಂದು ಬರೆದರೆ ಓದುಗರು ಪೊಲೀಸರನ್ನು ಹುಡುಕುತ್ತಾರೆ.

ಪೋಸ್ಟ್‌ಡಾಕ್ ಪದವಿಯಲ್ಲ, ಅವಧಿ ಗೊತ್ತುಪಡಿಸಿದ ಹುದ್ದೆ. ಪ್ರಮಾಣಪತ್ರಕ್ಕಾಗಿ ಅಲ್ಲ, ಸ್ವಂತ ಸಂಶೋಧನೆಯ ದಾರಿ ತೋರಿಸಿಕೊಳ್ಳಲು ಸೇರುವುದು. ‘ಡಾಕ್ಟರೇಟ್ ನಂತರದ ಸಂಶೋಧಕ ಹುದ್ದೆ’ ಎಂದರೆ ಸಾಕು.

ಇನ್ನೊಂದು ಉತ್ತರ:

ಮೇಲಿನದಕ್ಕೆ ನನ್ನ ಸಹಮತವಿದೆ. ಕೈಪಿಡಿಯಲ್ಲಿ ‘ಸಮ್ಮೇಳನ ಪ್ರಬಂಧ’ ಎಂದಿದ್ದರೆ ಅದನ್ನೂ ನೋಡಿ. ಸಮ್ಮೇಳನ ಎಂದರೆ ನಮಗೆ ಭಾಷಣ, ಹಾರ, ಮೆರವಣಿಗೆ. ಐಸಿಆರ್‌ಎ, ಐರೋಸ್, ಆರ್‌ಎಸ್‌ಎಸ್, ಕೋರಲ್ ಎಂಬ ರೋಬೋಟ್ ಸಂಶೋಧನಾ ಸಮ್ಮೇಳನಗಳಲ್ಲಿ ಬರುವ ಪ್ರಬಂಧಗಳನ್ನು ತಜ್ಞರು ಪರಿಶೀಲಿಸಿ ಆರಿಸುತ್ತಾರೆ, ಅಧ್ಯಾಪಕ ಹುದ್ದೆಯ ಆಯ್ಕೆಯಲ್ಲೂ ಅವಕ್ಕೆ ತೂಕವಿದೆ. ‘ತಜ್ಞಪರಿಶೀಲಿತ’ ಎಂಬ ವಿಶೇಷಣ ಬಿಟ್ಟರೆ ವಿದ್ಯಾರ್ಥಿ ಇವನ್ನು ಹಗುರವಾಗಿ ಎಣಿಸುತ್ತಾನೆ.

‘ಯಶಸ್ಸಿನ ಪ್ರಮಾಣ’ ಎಂಬಲ್ಲಿ ಯಾವುದರ ಯಶಸ್ಸು ಎಂದು ಬರೆಯಲೇಬೇಕು, ಹೆಜ್ಜೆಯದೋ ಇಡೀ ಕೆಲಸದ್ದೋ. ಪ್ರತಿ ಹೆಜ್ಜೆಯೂ 95 ಶೇಕಡಾ ಸರಿಯಾದರೂ, ಒಂದರ ತಪ್ಪು ಇನ್ನೊಂದಕ್ಕೆ ತಾಗದಿದ್ದರೂ, ಹತ್ತು ಹೆಜ್ಜೆಯ ಕೆಲಸ ಕೊನೆ ಮುಟ್ಟುವುದು ಸುಮಾರು 60 ಶೇಕಡಾ ಸಲ ಮಾತ್ರ. ಹತ್ತು ಪ್ರಯತ್ನದಲ್ಲಿ ಒಂಬತ್ತು ಗೆದ್ದು ‘90 ಶೇಕಡಾ’ ಎಂದು ಬರೆಯುವುದೂ ಅಷ್ಟೇ ಅಪಾಯ: 95 ಶೇಕಡಾ ವಿಶ್ವಾಸಾಂತರ (ನಿಜವಾದ ಪ್ರಮಾಣ ಇರಬಹುದಾದ ವ್ಯಾಪ್ತಿಯ ಅಂದಾಜು) ಸುಮಾರು 55ರಿಂದ 99ರ ಮೇಲಿನವರೆಗೆ ಚಾಚುತ್ತದೆ. ಮಾದರಿ ಕೋಷ್ಟಕದಲ್ಲಿ ಪ್ರಯತ್ನ, ಯಶಸ್ಸು, ಮನುಷ್ಯನ ನೆರವು ಮೂರಕ್ಕೂ ಬೇರೆ ಬೇರೆ ಕಾಲಂ ಇಡಿ.