‘ಎಗ್ಜಲ್ಟ್’ ಎಂಬ ಕ್ರಿಯಾಪದಕ್ಕೆ ‘ಹಿಗ್ಗು’ ಸರಿಹೊಂದುತ್ತದೆಯೇ?

ಪ್ರಶ್ನೆ:
ಅನುವಾದವೊಂದರಲ್ಲಿ ಇಂಗ್ಲಿಷಿನ ‘ಎಗ್ಜಲ್ಟ್’ (exult) ಎಂಬ ಕ್ರಿಯಾಪದ ಎದುರಾಗಿದೆ. ಯುದ್ಧದಲ್ಲಿ ಗೆದ್ದ ಸೈನಿಕರ ಕುರಿತು ಆ ಮಾತು ಬರುತ್ತದೆ. ‘ಸಂತೋಷಪಟ್ಟರು’ ಎಂದರೆ ಸಪ್ಪೆಯೆನಿಸುತ್ತದೆ. ‘ಹಿಗ್ಗಿದರು’ ಎಂಬುದು ಹತ್ತಿರ ಬಂದರೂ ಮನಸ್ಸು ಒಪ್ಪುತ್ತಿಲ್ಲ. ಈ ಪದದ ಮೂಲಾರ್ಥವೇನು? ‘ಎಗ್ಜಾಲ್ಟ್’ (exalt) ಎಂಬ ಪದಕ್ಕೂ ಇದಕ್ಕೂ ನಂಟಿದೆಯೇ?

ಉತ್ತರ 1:
ನಿಮ್ಮ ಮನಸ್ಸು ಒಪ್ಪದಿರುವುದಕ್ಕೆ ಕಾರಣ ಪದದ ಬೇರಿನಲ್ಲೇ ಇದೆ. ಲ್ಯಾಟಿನ್ನಿನ ‘ಸಲೀರೆ’ ಎಂದರೆ ಜಿಗಿಯುವುದು. ಅದರ ಮುಂದೆ ‘ಹೊರಗೆ’ ಎಂಬರ್ಥದ ‘ಎಕ್ಸ್’ ಸೇರಿ, ಮತ್ತೆ ಮತ್ತೆ ಜಿಗಿಯುವುದನ್ನು ಸೂಚಿಸುವ ‘ಎಕ್ಸುಲ್ತಾರೆ’ ಎಂಬ ರೂಪ ಹುಟ್ಟಿತು. ಉಪಸರ್ಗ ಸೇರಿದಾಗ ‘ಸಲ್’ ಎಂಬುದು ‘ಸುಲ್’ ಆಗುವುದು ಆ ಭಾಷೆಯ ಧ್ವನಿನಿಯಮ. ‘ಎಕ್ಸ್’ನ ಕೊನೆಯ ಸಕಾರದಲ್ಲಿ ಧಾತುವಿನ ಸಕಾರವೂ ಕರಗಿಹೋದುದರಿಂದ ಬೇರು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. 16ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಇದು ನಿಜವಾಗಿಯೂ ಮೈಯೆತ್ತಿ ನೆಗೆಯುವುದು ಎಂಬ ಅರ್ಥವನ್ನೂ ಹೊತ್ತಿತ್ತು. ಆ ಬಳಕೆ ಅಳಿದು ಈಗ ಮನಸ್ಸಿನ ನೆಗೆತವಷ್ಟೇ ಉಳಿದಿದೆ. ಇದರ ಬಳಗ ನನಗೆ ಬಹಳ ಪ್ರಿಯವಾದುದು: ‘ಇನ್ಸಲ್ಟ್’ ಮೂಲದಲ್ಲಿ ಒಬ್ಬರ ಮೇಲೆ ಎಗರುವುದು, ‘ರಿಸಲ್ಟ್’ ಹಿಂದಕ್ಕೆ ಪುಟಿಯುವುದು, ‘ಗೊತ್ತುಗುರಿಯಿಲ್ಲದ’ ಎಂಬರ್ಥದ ‘ಡೆಸಲ್ಟರಿ’ ಎಂಬ ಗುಣವಾಚಕದ ಹಿಂದಿರುವವನು ಓಡುವ ಕುದುರೆಯಿಂದ ಕುದುರೆಗೆ ಜಿಗಿಯುತ್ತಿದ್ದ ರೋಮನ್ ಸವಾರ.

‘ಎಗ್ಜಾಲ್ಟ್’ ಬೇರೆಯೇ ಪದ. ಅದು ‘ಎತ್ತರದ’ ಎಂಬರ್ಥದ ‘ಆಲ್ಟುಸ್’ನಿಂದ ಬಂದದ್ದು, ಮೇಲಕ್ಕೇರಿಸು, ಕೊಂಡಾಡು ಎಂದು ಅದರ ಅರ್ಥ.

ಉತ್ತರ 2:
ಇದಕ್ಕೆ ಒಂದು ಮಾತು ಸೇರಿಸಬೇಕು. ಸಂತೋಷವನ್ನು ಹೇಳುವ ನಮ್ಮ ಪದಗಳಲ್ಲೂ ದೇಹವೇ ಅಡಗಿದೆ: ‘ಹಿಗ್ಗು’ ಎಂದರೆ ಅಗಲವಾಗುವುದು, ಸಂಸ್ಕೃತದ ‘ಹರ್ಷ’ದ ಮೂಲದಲ್ಲಿರುವುದು ಮೈನವಿರೇಳುವುದು. ಅಗಲವಾಗುವ ಸಂತೋಷವೂ ಜಿಗಿಯುವ ಸಂತೋಷವೂ ಒಂದೇ ಅಲ್ಲವಾದುದರಿಂದ ‘ಕುಣಿದಾಡಿದರು’ ಎಂಬುದು ಬೇರಿಗೆ ಹೆಚ್ಚು ಹತ್ತಿರ. ಆದರೆ ಕ್ರಿಯಾಪದದ ನಂತರ ಬರುವ ಉಪಪದವನ್ನು ಗಮನಿಸಿ. ‘ಇನ್’ ಅಥವಾ ‘ಅಟ್’ ಇದ್ದರೆ ಅದು ಬರಿಯ ಆನಂದ. ‘ಓವರ್’ ಇದ್ದರೆ ಸೋತವರ ಎದುರು ಮೆರೆಯುವ ಭಾವವೂ ಬರಬಹುದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಮೂಲದಲ್ಲಿ ‘ಓವರ್’ ಎಂದೇ ಇದೆ, ಅದರ ನಂತರ ಶತ್ರುಗಳ ಉಲ್ಲೇಖವಿದೆ; ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ‘ಶತ್ರುಗಳ ಸೋಲನ್ನು ಕಂಡು ಬೀಗಿದರು’ ಎಂದು ತಿದ್ದಬಹುದೇ?

ಉತ್ತರ 1:
‘ಬೀಗಿದರು’ ಎಂಬುದರಲ್ಲಿ ಗೆದ್ದವರ ಗರ್ವ ಚೆನ್ನಾಗಿ ಬರುತ್ತದೆ, ಆದರೆ ಅದೂ ಉಬ್ಬುವಿಕೆಯೇ, ನೆಗೆತ ಕೈತಪ್ಪುತ್ತದೆ. ‘ಸೋತವರ ಕಣ್ಣೆದುರೇ ಕುಣಿದಾಡಿದರು’ ಎಂದರೆ ಎರಡೂ ಉಳಿಯುತ್ತವೆ.